ಎಡದೊರೆ ನಾಡೂ ಕಂಟಿಂಜೆಂಟು ಪಡೆಯೂ

ಚುನಾವಣೆ ಬಂದಿತೆಂದರೆ ಧರೂರು, ಗದ್ವಾಲು, ಮಕ್ತಲು, ನಾರಾಯಣಪೇಟೆಗಳ ಕಡೆಯ ಉಪಾಧ್ಯಾಯರಿಗೆ ಪಾಠದ ಕೆಲಸದ ಜೊತೆಗೆ ಮತಗಟ್ಟೆಯ ಕೆಲಸವೂ ಬಂದು ಸೇರುತ್ತದೆ. ಮತದಾನದ ಹಿಂದಿನ ದಿನ ಯಂತ್ರಗಳನ್ನೂ ಕಾಗದಪತ್ರಗಳನ್ನೂ ಹೊತ್ತು ಗೊತ್ತುಮಾಡಿದ ಊರಿನ ಶಾಲೆಯನ್ನು ಮುಟ್ಟುವ ಹೊತ್ತಿಗೆ ಒಮ್ಮೊಮ್ಮೆ ಅಲ್ಲಿ ನಮಗಿಂತ ಮೊದಲೇ ಬಂದಿಳಿದ ಜವಾನರು ಕಾಣಿಸುತ್ತಾರೆ. ಸೈನಿಕರಂತೆ ಉಡುಪು, ಹೆಗಲಲ್ಲಿ ಬಂದೂಕು. ಅವರ ಮಾತು ಕನ್ನಡವಲ್ಲ, ತೆಲುಗೂ ಅಲ್ಲ. ಊರಿನ ಹುಡುಗರು ದೂರದಲ್ಲಿ ನಿಂತು ನೋಡುತ್ತಾರೆ, ಸ್ವಲ್ಪ ಸಲುಗೆಯುಳ್ಳವನು ಮಾಸ್ತರರ ಬಳಿಗೆ ಬಂದು, "ಇವರು ಪೋಲೀಸರೋ, ದಂಡಿನವರೋ?" ಎಂದು ಕೇಳುತ್ತಾನೆ.

ಪ್ರಶ್ನೆ ಚಿಕ್ಕದು, ಉತ್ತರ ಅಷ್ಟು ಚಿಕ್ಕದಲ್ಲ. ಆ ಜವಾನರು ಕೇಂದ್ರ ರಿಸರ್ವ್ ಪೋಲೀಸು ಪಡೆಯವರು. ಹೆಸರಿನಲ್ಲಿ ಪೋಲೀಸರು, ಶಿಸ್ತಿನಲ್ಲಿ, ಪಲ್ಟಣದ ರಚನೆಯಲ್ಲಿ, ಆಯುಧದಲ್ಲಿ ದಂಡಿನವರು. ಇಂತಹ ನಡುವಣ ಜಾತಿಯ ಪಡೆಯೊಂದು ನಮ್ಮ ದೇಶದಲ್ಲಿ ಏಕೆ ಹುಟ್ಟಿತು, ಅದಕ್ಕೆ ಯಾರು ಸಂಬಳ ಕೊಟ್ಟರು, ಯಾರು ಅಪ್ಪಣೆ ಕೊಟ್ಟರು ಎಂಬುದನ್ನು ಹುಡುಕುತ್ತ ಹೊರಟರೆ, ದಾರಿಯು ದೆಹಲಿಗೆ ಹೋಗುವುದಕ್ಕೆ ಮೊದಲು ನಮ್ಮ ನೆಲದ ಮೇಲೆಯೇ ಹಾದುಹೋಗುತ್ತದೆ. ಒಂದು ಕಾಲದಲ್ಲಿ ಇಂತಹ ಪಡೆಯ ಸಂಬಳದ ಬಾಕಿಗಾಗಿ ಕೃಷ್ಣಾ ತುಂಗಭದ್ರೆಗಳ ನಡುವಣ ಭೂಮಿಯನ್ನೇ ಒತ್ತೆಯಿಟ್ಟಿದ್ದರೆಂಬ ಸಂಗತಿಯು ನಮ್ಮ ಪಠ್ಯಪುಸ್ತಕಗಳಲ್ಲಿ ಒಂದು ಸಾಲಾಗಿ ಬರುತ್ತದೆ, ಕೆಲವು ವೇಳೆ ಅದೂ ಬರುವುದಿಲ್ಲ. ಆ ಒಂದು ಸಾಲನ್ನು ಇಲ್ಲಿ ಸ್ವಲ್ಪ ಹಿಗ್ಗಿಸಿ ಬರೆಯಬೇಕೆಂದು ನಮ್ಮ ಆಶೆ.

ಸೈನಿಕ ಶಿಸ್ತಿನ ಪೋಲೀಸು ಎಂಬುದು ಭಾರತದಲ್ಲೇ ಹುಟ್ಟಿದ ಕಲ್ಪನೆಯೇನೂ ಅಲ್ಲ. ಫ್ರಾನ್ಸಿನಲ್ಲಿ ಮಹಾಕ್ರಾಂತಿಯ ಕಾಲಕ್ಕೆ, ೧೭೯೧ರಲ್ಲಿ, ರಾಜರ ಕಾಲದ ಹಳೆಯ ಪಹರೆಯ ಸವಾರರಿಗೆ ರಾಷ್ಟ್ರೀಯ ಝಾಂದಾರ್ಮರಿ ಎಂದು ಹೆಸರಾಯಿತು. ಇಟಲಿಯ ಕಾರಾಬಿನಿಯೇರಿ ಪಡೆಯು ೧೮೧೪ರಲ್ಲಿ ಹುಟ್ಟಿತು. ಆಂಗ್ಲರು ತಮ್ಮ ಸ್ವಂತ ದೇಶದಲ್ಲಿ ಇಂತಹ ಪಡೆಯನ್ನು ಬಯಸಲಿಲ್ಲ. ಲಂಡನ್ನಿನ ಪೋಲೀಸನ ಕೈಯಲ್ಲಿ ಕೋಲು ಸಾಕೆಂದರು. ತಾವು ಗೆದ್ದ ಐರ್ಲೆಂಡಿನಲ್ಲಿ ಮಾತ್ರ ಬಂದೂಕು ಹಿಡಿದು ಬ್ಯಾರಕಿನಲ್ಲಿ ವಾಸಿಸುವ ಪೋಲೀಸರನ್ನು ಕಟ್ಟಿದರು. ನೇಪಿಯರನು ೧೮೪೩ರಲ್ಲಿ ಸಿಂಧದಲ್ಲಿ ಪೋಲೀಸನ್ನು ಏರ್ಪಡಿಸಿದಾಗ ಅವನ ಕಣ್ಣ ಮುಂದಿದ್ದುದು ಈ ಐರಿಷ್ ಮಾದರಿಯೇ. ತನ್ನ ಮನೆಯ ಬಾಗಿಲಿಗೆ ಒಂದು ಕಾವಲು, ಗೆದ್ದವರ ಮನೆಯ ಬಾಗಿಲಿಗೆ ಇನ್ನೊಂದು ಕಾವಲು! ಇರಲಿ, ನಾವು ನಮ್ಮ ನಾಡಿಗೆ ಬರೋಣ.

ಕೃಷ್ಣಾ ತುಂಗಭದ್ರೆಗಳ ನಡುವಣ ನೆಲವನ್ನು ಹಳೆಯ ಶಾಸನಗಳು ಎಡದೊರೆ ನಾಡು ಎಂದು ಕರೆದಿವೆ. ನಮ್ಮ ತೆಲುಗು ಬಾಂಧವರು ಗದ್ವಾಲಿನ ಸೀಮೆಯನ್ನು ನಡಿಗಡ್ಡ ಎನ್ನುತ್ತಾರೆ. ಪರ್ಷಿಯನ್ ಬಲ್ಲವರು ದೋಆಬು ಎಂದರು. ಅರ್ಥವೆಲ್ಲ ಒಂದೇ: ಎರಡು ಹೊಳೆಗಳ ನಡುವಣ ನೆಲ. ವಿಜಯನಗರದವರೂ ಬಹಮನಿಯವರೂ, ಆಮೇಲೆ ಬಿಜಾಪುರದವರೂ ಈ ನೆಲಕ್ಕಾಗಿ ಎಷ್ಟು ಸಲ ಕಾದಾಡಿದರೆಂಬುದನ್ನು ವಿದ್ಯಾರ್ಥಿಗಳು ಬಲ್ಲರು. ಧರೂರು ಈ ನಾಡಿನ ಮೂಡಣ ಭಾಗದಲ್ಲಿ, ಕೃಷ್ಣೆಯ ಬಲದಂಡೆಯ ಕಡೆಗೆ, ಗದ್ವಾಲು ಸಂಸ್ಥಾನದ ಸೀಮೆಯಲ್ಲಿದ್ದ ಊರು. ಗದ್ವಾಲಿನ ರಾಜರು ನಿಜಾಮನಿಗೆ ಪೇಷ್ಕಷ್ ತೆತ್ತು ತಮ್ಮ ಒಳಾಡಳಿತವನ್ನು ತಾವೇ ನೋಡಿಕೊಳ್ಳುತ್ತಿದ್ದರು. ೧೯೫೬ರ ನವೆಂಬರ್ ೧ರವರೆಗೆ ಗದ್ವಾಲು, ಆಲಂಪುರ ತಾಲ್ಲೂಕುಗಳು ರಾಯಚೂರು ಜಿಲ್ಲೆಯಲ್ಲೇ ಇದ್ದುವು. ಆ ದಿನ ರಾಯಚೂರು ಮೈಸೂರು ರಾಜ್ಯಕ್ಕೂ ಇವೆರಡು ಆಂಧ್ರಪ್ರದೇಶದ ಮಹಬೂಬನಗರ ಜಿಲ್ಲೆಗೂ ಹೋದುವು. ಆದುದರಿಂದ ನಾವು ಮುಂದೆ ಹೇಳುವುದು ನೆರೆನಾಡಿನ ಕಥೆಯಲ್ಲ. ಎಡದೊರೆಯ ಒಂದೇ ಮನೆಯ ಕಥೆ.

ಹದಿನೆಂಟನೆಯ ಶತಮಾನದ ಕೊನೆಗೆ ನಿಜಾಮ ಅಲಿಖಾನನ ಬಳಿ ರೇಮಂಡ್ ಎಂಬ ಫ್ರೆಂಚ್ ಸೇನಾನಿಯು ತರಬೇತು ಕೊಟ್ಟ ದೊಡ್ಡ ಪಡೆಯಿತ್ತು. ೧೭೯೮ರಲ್ಲಿ ರೇಮಂಡನು ತೀರಿಕೊಂಡನು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ನಿಜಾಮನು ಈಸ್ಟ್ ಇಂಡಿಯಾ ಕಂಪನಿಯೊಡನೆ ಕೌಲು ಮಾಡಿಕೊಂಡನು. ಅಕ್ಟೋಬರಿನಲ್ಲಿ ಫ್ರೆಂಚರ ಪಡೆಯ ಆಯುಧಗಳನ್ನು ಕಸಿದುಕೊಂಡು ಅದನ್ನು ಚದುರಿಸಿದರು. ಅದರ ಜಾಗದಲ್ಲಿ ಕಂಪನಿಯ ಸಹಾಯಕ ಸೈನ್ಯವು ಬಂದು ನೆಲೆಸಿತು. ಅದಕ್ಕೆ ನಿಜಾಮನು ವರ್ಷಕ್ಕೆ ೨೪ ಲಕ್ಷ ರೂಪಾಯಿಗಳಿಗೂ ಮಿಕ್ಕು ಕೊಡಬೇಕಾಗಿತ್ತು. ೧೮೦೦ರ ಇನ್ನೊಂದು ಕೌಲಿನಲ್ಲಿ ಈ ಸೈನ್ಯವನ್ನು ಹೆಚ್ಚಿಸಿ, ಹಣದ ಬದಲು ನೆಲವನ್ನೇ ಬರೆಸಿಕೊಂಡರು. ಟಿಪ್ಪುವಿನೊಡನೆ ನಡೆದ ಯುದ್ಧಗಳಿಂದ ೧೭೯೨ರಲ್ಲೂ ೧೭೯೯ರಲ್ಲೂ ನಿಜಾಮನ ಪಾಲಿಗೆ ಬಂದಿದ್ದ ತುಂಗಭದ್ರೆಯ ತೆಂಕಣ ಸೀಮೆಯೆಲ್ಲ, ಎಂದರೆ ಬಳ್ಳಾರಿ, ಅನಂತಪುರ, ಕಡಪಗಳು, ಹೀಗೆ ಕಂಪನಿಗೆ ಸೇರಿ ದತ್ತಮಂಡಲವೆನಿಸಿಕೊಂಡುವು. ಥಾಮಸ್ ಮನ್ರೋ ಅಲ್ಲಿ ಕಲೆಕ್ಟರನಾಗಿ ಬಂದುದು ಆಗಲೇ. ಒಂದು ಸೈನ್ಯದ ಸಂಬಳಕ್ಕೆ ಕನ್ನಡದ ನೆಲವು ಸಂದುದು ಇದು ಮೊದಲನೆಯ ಸಲ.

ಎರಡನೆಯ ಸಲದ ಕಥೆ ಹೆಚ್ಚು ತೊಡಕಿನದು. ಅದೇ ೧೮೦೦ರ ಕೌಲಿನಲ್ಲಿ, ಯುದ್ಧವೊದಗಿದರೆ ನಿಜಾಮನು ತನ್ನ ಕಡೆಯಿಂದ ೯,೦೦೦ ಕುದುರೆ ಸವಾರರನ್ನೂ ೬,೦೦೦ ಕಾಲಾಳುಗಳನ್ನೂ ಒದಗಿಸಬೇಕೆಂಬ ಮಾತಿತ್ತು. ಯುದ್ಧ ಒದಗಿದರೆ ಎಂಬ ಶಬ್ದಗಳನ್ನು ವಾಚಕರು ಗಮನದಲ್ಲಿಟ್ಟುಕೊಳ್ಳಬೇಕು. ನಿಜಾಮನ ಸ್ವಂತ ಸೇನೆಯಲ್ಲಿ ಸಂಬಳವು ತಿಂಗಳುಗಟ್ಟಲೆ ನಿಲ್ಲುವುದು ವಾಡಿಕೆಯಾಗಿತ್ತು. ೧೮೧೨ರಲ್ಲಿ ಬಾಕಿಯ ಸಂಬಳಕ್ಕಾಗಿ ಹೈದರಾಬಾದಿನಲ್ಲಿದ್ದ ಸಿಪಾಯಿಗಳು ದಂಗೆಯೆದ್ದರು. ರೆಸಿಡೆಂಟನಾಗಿದ್ದ ಹೆನ್ರಿ ರಸೆಲ್ ಇದನ್ನೇ ಅವಕಾಶವಾಗಿ ಹಿಡಿದು, ಮರುವರ್ಷ ಆಂಗ್ಲ ಅಧಿಕಾರಿಗಳ ಕೈಕೆಳಗೆ ಎರಡು ಹೊಸ ಪಲ್ಟಣಗಳನ್ನು ನಿಲ್ಲಿಸಿದನು. ಅದಕ್ಕೆ ರಸೆಲ್ ಬ್ರಿಗೇಡೆಂದು ಹೆಸರಾಯಿತು. ಅದು ಬೆಳೆಯುತ್ತ, ಬೇರೆ ಕಾಲಾಳು ಪಲ್ಟಣಗಳನ್ನೂ ರಿಸಾಲೆಗಳನ್ನೂ ತೋಪುಗಳನ್ನೂ ಕೂಡಿಕೊಳ್ಳುತ್ತ ಹೋಗಿ ಕಡೆಗೆ ಹೈದರಾಬಾದು ಕಂಟಿಂಜೆಂಟು ಎಂಬ ಪಡೆಯಾಯಿತು. ಹೈದರಾಬಾದಿನ ಬಳಿಯ ಬೊಳ್ಳಾರಂ ಅದರ ಮುಖ್ಯ ನೆಲೆ. ಔರಂಗಾಬಾದು, ಹಿಂಗೋಲಿ, ಎಲಿಚಪುರ ಮುಂತಾದ ಕಡೆಗಳಲ್ಲಿ ಅದರ ಠಾಣ್ಯಗಳು. ನಮ್ಮ ಎಡದೊರೆಯಲ್ಲಿ ಲಿಂಗಸುಗೂರು. ಲಿಂಗಸುಗೂರನ್ನು ಹಿರಿಯರು ಛಾವಣಿಯೆಂದು ಕರೆಯುವುದುಂಟು. ಆ ಹೆಸರಿನ ಹಿಂದೆ ನಿಂತಿರುವುದು ಈ ಪಡೆಯೇ.

ಇದು ಸೈನ್ಯವೋ ಪೋಲೀಸೋ? ನಮ್ಮ ಹುಡುಗನ ಪ್ರಶ್ನೆಯನ್ನು ಇಲ್ಲಿಯೂ ಕೇಳಬಹುದು. ಹೆಸರು ಸೈನ್ಯದ್ದು, ಆದರೆ ಪರರಾಜರೊಡನೆ ಯುದ್ಧ ಮಾಡುವ ಸಂದರ್ಭವು ೧೮೧೮ರಲ್ಲಿ ಪೇಶ್ವೆಯ ಪತನವಾದ ಮೇಲೆ ದಖ್ಖನದಲ್ಲಿ ಬಹಳವಾಗಿ ಉಳಿಯಲಿಲ್ಲ. ಕಂಟಿಂಜೆಂಟಿನವರು ವರ್ಷದಿಂದ ವರ್ಷಕ್ಕೆ ಮಾಡಿದ ಕೆಲಸವೆಂದರೆ ದಾರಿಗಳ್ಳರನ್ನು ಅಟ್ಟುವುದು, ಕೋಟೆಯಲ್ಲಿ ಕುಳಿತು ಕಂದಾಯ ಕೊಡದ ಜಮೀನುದಾರನನ್ನು ಹೊರಗೆಳೆಯುವುದು, ಅರಬರನ್ನೂ ರೋಹಿಲರನ್ನೂ ಗಡಿಗಳಿಂದ ಬಿಡಿಸುವುದು, ಖಜಾನೆಗೆ ಪಹರೆ ಹೋಗುವುದು. ಇವೆಲ್ಲ ಪೋಲೀಸು ಕೆಲಸಗಳೇ. ಬಾಲಕನಾಗಿದ್ದಾಗಲೇ, ೧೮೨೪ರಲ್ಲಿ, ನಿಜಾಮನ ಪಡೆಯ ಚಾಕರಿಗೆ ಸೇರಿದ ಮೆಡೋಸ್ ಟೇಲರನು ಪೋಲೀಸು ಕೆಲಸವನ್ನು ಕಲಿತುದೂ ಈ ಚಾಕರಿಯಲ್ಲೇ. ಮುಂದೆ ಅವನು ಠಕ್ಕರನ್ನು ಕುರಿತು ಬರೆದ ಕಾದಂಬರಿಯು ೧೮೩೯ರಲ್ಲಿ ಪ್ರಕಟವಾಗಿ ಇಂಗ್ಲೆಂಡಿನಲ್ಲಿ ಹೆಸರಾಯಿತು.

ಆ ದಿನಗಳಲ್ಲಿ ಹಳ್ಳಿಗೆ ಹಳ್ಳಿಯ ಕಾವಲು ಇತ್ತೆಂಬುದನ್ನು ನಾವು ಮರೆಯಬಾರದು. ತಳವಾರನು ಊರಿನ ಕಾವಲನ್ನು ಕಾಯುತ್ತಿದ್ದನು. ಅವನಿಗೆ ಕಣದಲ್ಲಿ ಆಯ ಸಲ್ಲುತ್ತಿತ್ತು, ಮಾನ್ಯದ ಹೊಲವಿರುತ್ತಿತ್ತು. ಅವನ ಕೂಲಿ ಊರಿನದು, ಅವನನ್ನು ಕೇಳುವ ಅಧಿಕಾರವೂ ಊರಿನದೇ. ತಳವಾರನು ಒಳ್ಳೆಯವನೇ ಆಗಿರಬೇಕೆಂದಿಲ್ಲ. ಕಳ್ಳರೊಡನೆ ಪಾಲು ಹಂಚಿಕೊಂಡ ತಳವಾರರೂ ಇದ್ದಿರಬಹುದು. ಆದರೆ ಅವನ ಮನೆ ಎಲ್ಲಿದೆಯೆಂದು ಎಲ್ಲರಿಗೂ ಗೊತ್ತಿತ್ತು. ಕಂಟಿಂಜೆಂಟಿನ ಸಿಪಾಯಿಯಾದರೋ ಬಹುಮಟ್ಟಿಗೆ ಅಯೋಧ್ಯೆಯ ಕಡೆಯ ಹಿಂದುಸ್ತಾನಿ. ಅವನ ಅಧಿಕಾರಿ ಆಂಗ್ಲ. ಅಧಿಕಾರಿಗೆ ಅಪ್ಪಣೆ ರೆಸಿಡೆಂಟನಿಂದ. ಸಂಬಳ ಮಾತ್ರ ನಿಜಾಮನ ಬೊಕ್ಕಸದಿಂದ, ಎಂದರೆ ಇಲ್ಲಿಯ ರೈತನ ಜೋಳದಿಂದ.

ಆ ಸಂಬಳವು ಅಲ್ಪವಾಗಿರಲಿಲ್ಲ. ವರ್ಷಕ್ಕೆ ೪೦ ಲಕ್ಷ ರೂಪಾಯಿಗಳ ಸುಮಾರಿಗೆ ಅದು ಏರಿತು. ಕಂಪನಿಯ ಸೈನ್ಯದಲ್ಲಿದ್ದವರಿಗೆ ಕಂಟಿಂಜೆಂಟಿನಲ್ಲಿ ಒಂದು ಹುದ್ದೆ ದೊರೆಯುವುದೆಂದರೆ ಲಾಟರಿ ಬಂದಂತೆ. ಖರ್ಚೆಲ್ಲ ಪಾಪದ ನಿಜಾಮನದೇ ಎಂದು ಆಂಗ್ಲ ಅಧಿಕಾರಿಗಳು ತಮ್ಮೊಳಗೆ ಹಾಸ್ಯ ಮಾಡುತ್ತಿದ್ದರಂತೆ. ಪೇಶ್ಕಾರ ಚಂದೂಲಾಲನು ಈ ಹಣವನ್ನು ಹೊಂದಿಸಲು ಪಾಮರ್ ಕಂಪನಿ ಎಂಬ ಸಾಹುಕಾರಿ ಮನೆತನದಿಂದ ಸಾಲವೆತ್ತಿದನು. ಬಡ್ಡಿ ನೂರಕ್ಕೆ ಇಪ್ಪತ್ತಕ್ಕೂ ಮೇಲು. ರಸೆಲನ ತರುವಾಯ ರೆಸಿಡೆಂಟನಾಗಿ ಬಂದ ಮೆಟಕಾಫನು ಈ ವ್ಯವಹಾರವನ್ನು ಬಯಲಿಗೆಳೆದನು. ಪಾಮರರ ಸಾಲವನ್ನು ತೀರಿಸುವುದಕ್ಕಾಗಿ, ಉತ್ತರ ಸರ್ಕಾರುಗಳ ಬಾಬ್ತು ಕಂಪನಿಯು ನಿಜಾಮನಿಗೆ ವರ್ಷವರ್ಷವೂ ಕೊಡಬೇಕಾಗಿದ್ದ ೭ ಲಕ್ಷ ರೂಪಾಯಿಗಳ ಹಕ್ಕನ್ನೇ ಶಾಶ್ವತವಾಗಿ ಬಿಡಿಸಿಕೊಂಡರು. ಸಾಲ ಹೋಯಿತು, ಆದಾಯವೂ ಹೋಯಿತು, ಕಂಟಿಂಜೆಂಟು ಉಳಿಯಿತು. ಸಂಬಳದ ಬಾಕಿ ಮತ್ತೆ ಬೆಳೆಯಿತು. ಈ ಸಲ ಮುಂಗಡ ಕೊಟ್ಟವರು ಕಂಪನಿಯವರೇ.

ಜಮೀನುಗಳ ಸ್ಥಿತಿ ಆಗ ಹೇಗಿತ್ತೆಂಬುದನ್ನು ಒಂದೆರಡು ಮಾತಿನಲ್ಲಿ ಹೇಳಬೇಕು. ತಾಲ್ಲೂಕುಗಳನ್ನು ಗುತ್ತಿಗೆಗೆ ಕೊಡುತ್ತಿದ್ದರು. ಗುತ್ತಿಗೆದಾರನು ಮುಂಗಡ ಹಣಕ್ಕಾಗಿ ಅರಬ ಜಮಾದಾರರಿಗೂ ಸಾಹುಕಾರರಿಗೂ ಭೂಮಿಯನ್ನು ಅಡವಿಡುತ್ತಿದ್ದನು. ಸಾಲ ಕೊಟ್ಟ ಜಮಾದಾರನು ತನ್ನ ಆಳುಗಳೊಡನೆ ಗಡಿಯಲ್ಲಿ ಕುಳಿತು ತಾನೇ ವಸೂಲಿ ಮಾಡಿಕೊಳ್ಳುವನು. ಕೊಡಲಾರದವನನ್ನು ತನ್ನದೇ ಸೆರೆಮನೆಯಲ್ಲಿ ಕೂಡಿಹಾಕುವನು. ಶಾಂತಿಯನ್ನು ಕಾಪಾಡಲೆಂದು ಇದ್ದ ಕಂಟಿಂಜೆಂಟಿನ ಖರ್ಚಿಗಾಗಿ ಸಾಲ; ಸಾಲಕ್ಕಾಗಿ ಅಡವು; ಅಡವಿನಿಂದ ಅಶಾಂತಿ; ಅಶಾಂತಿಯನ್ನು ಅಡಗಿಸಲು ಮತ್ತೆ ಕಂಟಿಂಜೆಂಟು. ಗಾಣದ ಎತ್ತು ಸುತ್ತಿದ ದಾರಿಯಿದು.

ಗವರ್ನರ್ ಜನರಲ್ ಡಾಲ್‌ಹೌಸಿಯು ಲೆಕ್ಕ ತೀರಿಸಲು ಮನಸ್ಸು ಮಾಡಿದನು. ಶಾಂತಿಯ ಕಾಲದಲ್ಲಿ ಈ ಪಡೆಯನ್ನಿಟ್ಟುಕೊಳ್ಳಬೇಕೆಂಬ ಕಟ್ಟುಪಾಡು ೧೮೦೦ರ ಕೌಲಿನಿಂದ ಹೊರಡುವುದಿಲ್ಲವೆಂದು ಅವನೇ ಒಪ್ಪಿಕೊಂಡಿದ್ದನೆಂಬುದು ಇಲ್ಲಿಯ ಸೋಜಿಗ. ಆದರೂ ಬಾಕಿ ಬಾಕಿಯೇ. ೧೮೫೩ರ ಮೇ ೨೧ರಂದು ಹೊಸ ಕೌಲಾಯಿತು. ೫,೦೦೦ಕ್ಕೆ ಕಡಿಮೆಯಿಲ್ಲದ ಕಾಲಾಳುಗಳು, ೨,೦೦೦ ಸವಾರರು, ನಾಲ್ಕು ತೋಪಿನ ತುಕಡಿಗಳು: ಇಷ್ಟು ಪಡೆಯನ್ನು ಇನ್ನು ಮೇಲೆ ಕಂಪನಿಯೇ ಇಟ್ಟುಕೊಳ್ಳುವುದು, ಅದರ ಖರ್ಚಿಗೂ ಹಿಂದಿನ ಸಾಲಕ್ಕೂ ಬೇರಾರು, ನಳದುರ್ಗದ ಕಡೆಯ ಧಾರಾಶಿವ, ರಾಯಚೂರು ದೋಆಬುಗಳನ್ನು ನಿಜಾಮನು ಕಂಪನಿಯ ವಶಕ್ಕೆ ಕೊಡುವುದು. ಇದುವರೆಗೆ ನಿಜಾಮನ ಪಡೆಯೆನಿಸಿಕೊಂಡಿದ್ದ ಕಂಟಿಂಜೆಂಟು ಆ ದಿನ ಹೆಸರಿನಲ್ಲಿಯೂ ಅವನದಾಗಿ ಉಳಿಯಲಿಲ್ಲ. ಕಾಗದಕ್ಕೆ ರುಜು ಬಿದ್ದ ಕೆಲವೇ ದಿನಗಳಲ್ಲಿ ದಿವಾನ ಸಿರಾಜುಲ್ ಮುಲ್ಕನು ತೀರಿಕೊಂಡನು. ಅವನ ಅಣ್ಣನ ಮಗ ಸಾಲಾರ್ ಜಂಗನು ೨೪ನೆಯ ವಯಸ್ಸಿನಲ್ಲಿ ದಿವಾನನಾದನು. ತುಂಗಭದ್ರೆಯ ತೆಂಕಣ ನೆಲವು ಮೊದಲ ಸೈನ್ಯಕ್ಕೆ, ಬಡಗಣ ನೆಲವು ಎರಡನೆಯ ಸೈನ್ಯಕ್ಕೆ. ನಡುವೆ ಐವತ್ತಮೂರು ವರ್ಷ.

ದೋಆಬು ಕಂಪನಿಯ ಆಡಳಿತದಲ್ಲಿದ್ದುದು ಏಳು ವರ್ಷ ಮಾತ್ರ. ಆ ಏಳು ವರ್ಷಗಳ ನಟ್ಟನಡುವೆ ೧೮೫೭ ಬಂದಿತು. ಕಂಟಿಂಜೆಂಟಿನೊಳಗೂ ಕಿಡಿ ಬೀಳದಿರಲಿಲ್ಲ; ಔರಂಗಾಬಾದಿನಲ್ಲಿ ಅದರ ಒಂದನೆಯ ರಿಸಾಲೆಯು ತಿರುಗಿಬಿತ್ತು. ಜುಲೈ ೧೭ರಂದು ತುರ್ರೇಬಾಜ್‌ಖಾನನೂ ಮೌಲ್ವಿ ಅಲಾವುದ್ದೀನನೂ ಮುಂದಾಗಿ ಹೈದರಾಬಾದಿನ ರೆಸಿಡೆನ್ಸಿಯ ಮೇಲೆ ನುಗ್ಗಿದರು. ಮಿಕ್ಕ ಕಂಟಿಂಜೆಂಟು ಕಂಪನಿಯ ಕಡೆಗೇ ನಿಂತು ಮಧ್ಯ ಹಿಂದುಸ್ತಾನದವರೆಗೂ ಹೋಗಿ ಕಾದಿತು. ನಮ್ಮ ಕಡೆಗೆ ಅದು ಎದುರಿಸಿದವನು ಸುರಪುರದ ವೆಂಕಟಪ್ಪ ನಾಯಕನು. ಈ ಬೇಡ ದೊರೆಯು ಬಾಲಕನಾಗಿದ್ದಾಗ ಸಂಸ್ಥಾನವನ್ನು ನೋಡಿಕೊಂಡವನು ಮೆಡೋಸ್ ಟೇಲರನು. ಹುಡುಗನು ಅವನನ್ನು ಅಪ್ಪನೆಂದೇ ಕರೆಯುತ್ತಿದ್ದನಂತೆ. ೧೮೫೮ರ ಫೆಬ್ರವರಿಯಲ್ಲಿ ಕ್ಯಾಪ್ಟನ್ ವಿಂಡ್ಹಾಮನು ಲಿಂಗಸುಗೂರಿನಿಂದ ಕಂಟಿಂಜೆಂಟಿನ ತುಕಡಿಯನ್ನು ಕರೆದುಕೊಂಡು ಸುರಪುರಕ್ಕೆ ಬಂದು ಬಿಡಾರ ಮಾಡಿದನು. ಆ ರಾತ್ರಿ ಬಿಡಾರದ ಮೇಲೆ ದಾಳಿ ನಡೆಯಿತು. ಬೆಳಗಾದ ಮೇಲೆ ನಡೆದ ಕಾಳಗದಲ್ಲಿ, ಸಹಾಯಕ್ಕೆ ಬಂದಿದ್ದ ಕ್ಯಾಪ್ಟನ್ ನ್ಯೂಬೆರಿ ಹತನಾದನು. ಬೇರೆ ದಂಡುಗಳು ಬಂದು ಕೂಡಲು ದೊರೆಯು ಊರು ಬಿಟ್ಟು ಹೈದರಾಬಾದಿಗೆ ಹೋಗಿ ಅಲ್ಲಿ ಸೆರೆಸಿಕ್ಕಿದನು. ಮರಣದಂಡನೆಯು ದ್ವೀಪಾಂತರಕ್ಕೂ, ಅದು ನಾಲ್ಕು ವರ್ಷಗಳ ಸೆರೆಗೂ ಇಳಿಯಿತು. ಆದರೆ ಸೆರೆಯ ಸ್ಥಳವನ್ನು ಮುಟ್ಟುವುದಕ್ಕೆ ಮೊದಲೇ, ದಾರಿಯ ಬಿಡಾರದಲ್ಲಿ ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿನಿಂದ ಅವನು ಸತ್ತನು. ತಾನೇ ಹೊಡೆದುಕೊಂಡನೆಂದು ಸರ್ಕಾರ ಹೇಳಿತು. ನಮ್ಮ ಜನ ಅದನ್ನು ಪೂರ್ತಿಯಾಗಿ ನಂಬಿದಂತಿಲ್ಲ.

೧೮೬೦ರಲ್ಲಿ ದೋಆಬೂ ಧಾರಾಶಿವವೂ ನಿಜಾಮನಿಗೆ ಹಿಂದಿರುಗಿದುವು. ಸುರಪುರವನ್ನೂ ಅವನಿಗೇ ಇನಾಮಾಗಿ ಕೊಟ್ಟರು; ೫೦ ಲಕ್ಷದ ಸಾಲವನ್ನೂ ಬಿಟ್ಟರು. ಬೇರಾರು ಮಾತ್ರ ಕಂಟಿಂಜೆಂಟಿನ ಖರ್ಚಿಗೆಂದು ಉಳಿಯಿತು. ಅದರ ಆದಾಯದ ಲೆಕ್ಕವನ್ನು ಕೇಳುವ ಹಕ್ಕನ್ನೂ ನಿಜಾಮನು ಬಿಟ್ಟುಕೊಡಬೇಕಾಯಿತು. ಸಾಲಾರ್ ಜಂಗನು ಬೇರಾರನ್ನು ಹಿಂದಕ್ಕೆ ಪಡೆಯಲು ಬದುಕಿರುವವರೆಗೂ ಹೆಣಗಿದನು, ಆಗಲಿಲ್ಲ. ೧೯೦೨ರಲ್ಲಿ ಕರ್ಜನ್ ಪ್ರಭುವು ವರ್ಷಕ್ಕೆ ೨೫ ಲಕ್ಷ ರೂಪಾಯಿಗಳ ಗೇಣಿಗೆ ಬೇರಾರನ್ನು ಶಾಶ್ವತವಾಗಿ ಬರೆಸಿಕೊಂಡನು, ೧೯೦೩ರಲ್ಲಿ ಕಂಟಿಂಜೆಂಟು ಭಾರತದ ಸೈನ್ಯದಲ್ಲಿ ಲೀನವಾಯಿತು. ಯಾವ ಪಡೆಯ ಸಂಬಳಕ್ಕೆಂದು ನೆಲ ಹೋಯಿತೋ ಆ ಪಡೆ ಇಲ್ಲವಾದ ಮೇಲೆಯೂ ನೆಲ ಬರಲಿಲ್ಲ.

ಈ ಪಲ್ಟಣಗಳ ಮುಂದಿನ ಕಥೆ ಸ್ವಾರಸ್ಯವಾದುದು. ಅಡ್ಡದಾರಿಯಾದರೂ ಹೇಳದೆ ಬಿಡಲಾರೆವು. ೧೯೨೨ರಲ್ಲಿ ಅವು ೧೯ನೆಯ ಹೈದರಾಬಾದು ರೆಜಿಮೆಂಟು ಎಂದಾದುವು. ಆ ವೇಳೆಗೆ ಅದರಲ್ಲಿ ಹೈದರಾಬಾದಿನವರು ಹೆಚ್ಚಾಗಿರದೆ ಹಿಮಾಲಯದ ತಪ್ಪಲಿನ ಕುಮಾವೂನಿಗಳೂ ಅಹೀರರೂ ಜಾಟರೂ ತುಂಬಿದ್ದರು. ೧೯೪೫ರ ಅಕ್ಟೋಬರಿನಲ್ಲಿ ಹೆಸರೂ ಬದಲಾಗಿ ಕುಮಾವೂನ್ ರೆಜಿಮೆಂಟಾಯಿತು. ಮಡಿಕೇರಿಯಲ್ಲಿ ಹುಟ್ಟಿದ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರು ತಾರುಣ್ಯದಲ್ಲಿ ಸೇರಿದುದು ಈ ಹೈದರಾಬಾದು ರೆಜಿಮೆಂಟಿಗೆ. ೧೯೪೪ರಲ್ಲಿ ಬರ್ಮಾದ ರಣರಂಗದಲ್ಲಿ ಅದರ ಎಂಟನೆಯ ಪಲ್ಟಣವನ್ನು ನಡೆಸಿದವರು ಅವರೇ. ೧೯೫೭ರಿಂದ ೧೯೬೧ರವರೆಗೆ ಭಾರತದ ಸೇನಾಧಿಪತಿಗಳೂ ಆಗಿದ್ದರು. ಸ್ವತಂತ್ರ ಭಾರತದ ಮೊದಲನೆಯ ಪರಮವೀರಚಕ್ರವು ೧೯೪೭ರ ನವೆಂಬರಿನಲ್ಲಿ ಕಾಶ್ಮೀರದ ಬಡಗಾಮಿನಲ್ಲಿ ಮಡಿದ ಮೇಜರ್ ಸೋಮನಾಥ ಶರ್ಮರಿಗೆ ಸಂದಿತು. ಅವರೂ ಈ ರೆಜಿಮೆಂಟಿನವರೇ. ಚಂದೂಲಾಲನು ಸಾಲವೆತ್ತಿ ಸಾಕಿದ ಪಲ್ಟಣವು ಇಷ್ಟು ದೂರ ನಡೆದು ಬಂದಿತು!

ಮತ್ತೆ ಪೋಲೀಸಿಗೆ ಬರೋಣ. ದೋಆಬು ಹಿಂದಿರುಗಿದ ಮೇಲೆ ಸಾಲಾರ್ ಜಂಗನಿಗೆ ಒಂದು ಸಂಗತಿ ಸ್ಪಷ್ಟವಾಗಿದ್ದಿರಬೇಕು: ತನ್ನ ನಾಡಿನ ಶಾಂತಿಯನ್ನು ತಾನೇ ಕಾಯದಿದ್ದರೆ ಇನ್ನೊಬ್ಬನು ಬಂದು ಕಾಯುತ್ತಾನೆ, ಕೂಲಿಯನ್ನೂ ತಾನೇ ಗೊತ್ತುಮಾಡಿಕೊಳ್ಳುತ್ತಾನೆ. ಅವನು ಗುತ್ತಿಗೆಯ ಪದ್ಧತಿಯನ್ನು ಮುರಿದನು, ಅಡವಾಗಿದ್ದ ತಾಲ್ಲೂಕುಗಳನ್ನು ಜಮಾದಾರರಿಂದ ಬಿಡಿಸಿದನು. ೧೮೬೫ರ ಜಿಲ್ಲಾಬಂದಿಯಲ್ಲಿ ನಾಡನ್ನು ಜಿಲ್ಲೆಗಳಾಗಿ ವಿಂಗಡಿಸಿ, ತಾಲ್ಲೂಕುದಾರರನ್ನು ಸಂಬಳದ ನೌಕರರಾಗಿ ನೇಮಿಸಿ, ಕಂದಾಯದ ಸಿಪಾಯಿಗಳಿಂದ ಬೇರೆಯಾದ ಪೋಲೀಸನ್ನು ಏರ್ಪಡಿಸಿದನು. ನೆರೆಯ ಬ್ರಿಟಿಷ್ ಸೀಮೆಯಲ್ಲಿ ೧೮೬೧ರ ಪೋಲೀಸು ಶಾಸನವು ಆಗತಾನೆ ಬಂದಿತ್ತು. ಆ ಮಾದರಿಯು ಅವನ ಕಣ್ಣಿಗೆ ಬಿದ್ದಿರದೆ ಇರಲಿಲ್ಲ. ಜಿಲ್ಲೆಗೆ ಮೊಹತಮೀಮನು, ಅವನ ಕೆಳಗೆ ಅಮೀನನು, ಠಾಣೆಯಲ್ಲಿ ಜಮಾದಾರನೂ ಜವಾನರೂ. ಈ ಪದಗಳು ಎಡದೊರೆಯ ಕನ್ನಡದಲ್ಲಿ ಬಹುಕಾಲ ಬಾಳಿದುವು. ಸಂಸ್ಥಾನಗಳ, ಜಾಗೀರುಗಳ ಒಳಗೆ ಮಾತ್ರ ಅವರವರ ಕಾವಲೇ ಮುಂದುವರಿಯಿತು. ಈ ಪೋಲೀಸು ದೋಷರಹಿತವಾಗಿತ್ತೆಂದು ನಾವು ಹೇಳಲಾರೆವು. ಅದರ ಬರವಣಿಗೆ ಮೊದಲು ಪರ್ಷಿಯನ್, ಆಮೇಲೆ ಉರ್ದು. ಫಿರ್ಯಾದು ಹೇಳುವವನದು ಕನ್ನಡ ಅಥವಾ ತೆಲುಗು. ತಾನು ಹೇಳಿದ್ದೇನು, ಕಾಗದದಲ್ಲಿ ಬಿದ್ದದ್ದೇನು ಎಂದು ರೈತನು ತಿಳಿಯುವ ಮಾರ್ಗವಿರಲಿಲ್ಲ. ಆದರೂ ಅದು ಈ ನಾಡಿನ ಸರ್ಕಾರಕ್ಕೆ ಉತ್ತರ ಹೇಳುವ ಪೋಲೀಸು.

ಇನ್ನು ಅಖಿಲ ಭಾರತದ ಪಡೆಯ ವಿಚಾರ. ೧೯೩೦ರ ದಶಕದ ಕೊನೆಗೆ ದೇಶೀಯ ಸಂಸ್ಥಾನಗಳ ಪ್ರಜೆಗಳು ಜವಾಬ್ದಾರಿ ಸರ್ಕಾರವನ್ನು ಕೇಳತೊಡಗಿದ್ದರು. ೧೯೩೮ರ ಏಪ್ರಿಲಿನಲ್ಲಿ ಮೈಸೂರು ಸಂಸ್ಥಾನದ ವಿದುರಾಶ್ವತ್ಥದಲ್ಲಿ ಧ್ವಜ ಹಾರಿಸಲು ಕೂಡಿದವರ ಮೇಲೆ ಗುಂಡು ಹಾರಿತು. ಅದೇ ವರ್ಷದ ಕೊನೆಯಲ್ಲಿ ಹೈದರಾಬಾದು ಸಂಸ್ಥಾನದಲ್ಲಿ ಸತ್ಯಾಗ್ರಹ ನಡೆಯಿತು. ೧೯೩೯ರ ಏಪ್ರಿಲಿನಲ್ಲಿ ರಾಮದುರ್ಗದ ಚಿಕ್ಕ ಸಂಸ್ಥಾನದಲ್ಲಿ ಜನರು ಸೆರೆಮನೆಗೆ ನುಗ್ಗಿದರು; ಪೋಲೀಸರೂ ಪ್ರಜೆಗಳೂ ಸತ್ತರು. ಇದು ಕನ್ನಡದ ಮೂಲೆಯ ಮಾತಾಯಿತು. ದೇಶದ ಎಲ್ಲ ಕಡೆಯ ಸಂಸ್ಥಾನಗಳಲ್ಲೂ ಇದೇ ಗಾಳಿ ಬೀಸುತ್ತಿತ್ತು. ಸಂಸ್ಥಾನಿಕರ ಪುಟ್ಟ ಪೋಲೀಸು ಇದಕ್ಕೆ ಸಾಲದೆಂದು ಕಂಡ ಬ್ರಿಟಿಷ್ ಸರ್ಕಾರವು ೧೯೩೯ರ ಜುಲೈ ೨೭ರಂದು ಮಾಳವದ ನೀಮಚ್ಚಿನಲ್ಲಿ ಕ್ರೌನ್ ರೆಪ್ರೆಸೆಂಟೆಟಿವ್ ಪೋಲೀಸು ಎಂಬ ಪಡೆಯನ್ನು ಎಬ್ಬಿಸಿತು. ಯಾವ ಸಂಸ್ಥಾನದಲ್ಲಿ ಗಲಭೆಯೋ ಅಲ್ಲಿಗೆ ಅದನ್ನು ಕಳುಹಿಸುವುದು. ಅಪ್ಪಣೆ ಚಕ್ರವರ್ತಿಯ ಪ್ರತಿನಿಧಿಯದು. ನೂರಿಪ್ಪತ್ತಾರು ವರ್ಷಗಳ ಹಿಂದೆ ರಸೆಲನು ಹೈದರಾಬಾದಿನಲ್ಲಿ ಮಾಡಿದ ಕೆಲಸವನ್ನೇ ಇವರು ಇಡೀ ದೇಶಕ್ಕೆ ಹಿಗ್ಗಿಸಿ ಮಾಡಿದರೆಂದು ನಮಗೆ ತೋರುತ್ತದೆ.

೧೯೪೭ರಲ್ಲಿ ಚಕ್ರವರ್ತಿಯ ಪ್ರತಿನಿಧಿ ಹೊರಟುಹೋದನು; ಪಡೆ ಉಳಿಯಿತು. ಅದನ್ನು ಚದುರಿಸಿಬಿಡಬಹುದಾಗಿತ್ತು. ಸರದಾರ ವಲ್ಲಭಭಾಯಿ ಪಟೇಲರು ಹಾಗೆ ಮಾಡಲಿಲ್ಲ. ಅದಕ್ಕೆ ಕಾರಣವನ್ನು ಹುಡುಕಲು ನಾವು ದೂರ ಹೋಗಬೇಕಾಗಿಲ್ಲ. ರಜಾಕಾರರ ಕಾಲವನ್ನು ಕಂಡ ಹೈದರಾಬಾದಿನವರು ನಾವು. ೧೯೪೮ರ ಸೆಪ್ಟೆಂಬರ್ ೧೩ರಿಂದ ಐದು ದಿನ ನಡೆದುದನ್ನು ಎಲ್ಲರೂ ಪೋಲೀಸು ಕಾರ್ಯಾಚರಣೆ ಎನ್ನುತ್ತಾರೆ. ನಡೆಸಿದ್ದು ಸೈನ್ಯ, ಟ್ಯಾಂಕುಗಳೊಡನೆ; ಕರೆದದ್ದು ಪೋಲೀಸು. ಹಿಂದೆ ಪೋಲೀಸು ಕೆಲಸಕ್ಕೆ ಸೈನ್ಯದ ಹೆಸರು, ಈಗ ಸೈನ್ಯದ ಕೆಲಸಕ್ಕೆ ಪೋಲೀಸಿನ ಹೆಸರು. ನಮ್ಮ ಬಿಡುಗಡೆ ಆ ದಿನಗಳಲ್ಲಾಯಿತು, ನಿಜ. ಅದರ ಬೆನ್ನಿಗೇ, ಕಾಯುವವರು ಸಾಲದೆ ಇದ್ದ, ಕೆಲವೆಡೆ ಕಾಯಬೇಕಾದವರೇ ಕೈ ಮಾಡಿದ ವಾರಗಳಲ್ಲಿ, ಈ ಸೀಮೆಗಳ ನಿರಪರಾಧಿ ಮುಸಲ್ಮಾನರು ಬಹುಸಂಖ್ಯೆಯಲ್ಲಿ ಹತರಾದರು. ಸರ್ಕಾರ ಕಳುಹಿಸಿದ ಪಂಡಿತ ಸುಂದರಲಾಲರ ಸಮಿತಿಯು ಆ ಸಂಖ್ಯೆಯನ್ನು ೨೭,೦೦೦ದಿಂದ ೪೦,೦೦೦ ಎಂದು ಅಂದಾಜು ಮಾಡಿತು. ವರದಿಯು ದಶಕಗಳ ಕಾಲ ಬೆಳಕು ಕಾಣಲಿಲ್ಲ. ಇದನ್ನು ನಮ್ಮ ವಿದ್ಯಾರ್ಥಿಗಳು ಬಿಡುಗಡೆಯ ಕಥೆಯೊಡನೆಯೇ ಓದಬೇಕು.

೧೯೪೯ರ ಡಿಸೆಂಬರ್ ೨೮ರ ಶಾಸನದಿಂದ ನೀಮಚ್ಚಿನ ಪಡೆಯು ಕೇಂದ್ರ ರಿಸರ್ವ್ ಪೋಲೀಸು ಪಡೆಯಾಯಿತು. ಮರುವರ್ಷ ಮಾರ್ಚ್ ೧೯ರಂದು ಪಟೇಲರು ಅದಕ್ಕೆ ಧ್ವಜವನ್ನು ಕೊಟ್ಟರು. ಆಗ ಕೆಲವೇ ಪಲ್ಟಣಗಳಿದ್ದ ಪಡೆಯಲ್ಲಿ ಇಂದು ಮೂರು ಲಕ್ಷದಷ್ಟು ಜನರಿದ್ದಾರೆ. ಅದು ಮಾಡಿದ ಕೆಲಸಗಳೆಲ್ಲ ಒಳನಾಡಿನವಲ್ಲ. ೧೯೫೯ರ ಅಕ್ಟೋಬರ್ ೨೧ರಂದು ಲಡಾಖಿನ ಹಾಟ್ ಸ್ಪ್ರಿಂಗ್ಸ್ ಎಂಬಲ್ಲಿ ಚೀನೀಯರ ಗುಂಡಿಗೆ ಅದರ ಹತ್ತು ಮಂದಿ ಬಲಿಯಾದರು; ದೇಶದ ಪೋಲೀಸರೆಲ್ಲರೂ ಆ ದಿನವನ್ನು ಹುತಾತ್ಮರ ದಿನವಾಗಿ ಆಚರಿಸುತ್ತಾರೆ. ೧೯೬೫ರ ಏಪ್ರಿಲಿನಲ್ಲಿ ಕಚ್ಛದ ರಣದಲ್ಲಿ ಸರದಾರ್ ಪೋಸ್ಟ್ ಎಂಬ ಠಾಣ್ಯವನ್ನು ಅದರ ಎರಡನೆಯ ಪಲ್ಟಣದ ಚಿಕ್ಕ ತುಕಡಿಗಳು ಪಾಕಿಸ್ತಾನದ ಒಂದು ಬ್ರಿಗೇಡಿಗೆ ಎದುರಾಗಿ ಉಳಿಸಿಕೊಂಡುವು. ೨೦೧೦ರ ಏಪ್ರಿಲ್ ೬ರಂದು ಛತ್ತೀಸಗಢದ ದಾಂತೇವಾಡದಲ್ಲಿ ಒಂದೇ ಬೆಳಿಗ್ಗೆ ೭೬ ಮಂದಿ ಸತ್ತರು. ಒಬ್ಬನ ಹೊರತು ಎಲ್ಲರೂ ಈ ಪಡೆಯವರು. ೨೦೧೯ರ ಫೆಬ್ರವರಿಯಲ್ಲಿ ಪುಲ್ವಾಮದಲ್ಲಿ ಮಡಿದ ೪೦ ಮಂದಿಯಲ್ಲಿ ಮಂಡ್ಯ ಜಿಲ್ಲೆಯ ಯುವಕನೊಬ್ಬನಿದ್ದನು. ಅದೇ ಛತ್ತೀಸಗಢದ ಸಾರಕೇಗುಡದಲ್ಲಿ ೨೦೧೨ರ ಜೂನ್ ತಿಂಗಳ ರಾತ್ರಿ ಕೇಂದ್ರ ಪಡೆಯೂ ರಾಜ್ಯದ ಪೋಲೀಸೂ ಕೂಡಿ ಹಾರಿಸಿದ ಗುಂಡಿಗೆ ೧೭ ಮಂದಿ ಹಳ್ಳಿಗರು ಸತ್ತರು. ಅವರು ಮಾವೋವಾದಿಗಳೆಂಬುದಕ್ಕೆ ಆಧಾರವಿಲ್ಲವೆಂದು ನ್ಯಾಯಾಂಗ ಆಯೋಗದ ವರದಿಯು ೨೦೧೯ರಲ್ಲಿ ಹೇಳಿತು. ಮಡಿದ ಜವಾನನೂ ಮಡಿದ ಹಳ್ಳಿಗನೂ ಬಡವರ ಮನೆಯ ಮಕ್ಕಳೇ.

ಹುಡುಗನು ಕೇಳಿದ ಪ್ರಶ್ನೆ ಇನ್ನೂ ಉಳಿದಿದೆ. ಶಾಸನವನ್ನು ನೋಡಿದರೆ ಅದರಲ್ಲಿಯೂ ಎರಡು ಮುಖಗಳಿವೆ. ಒಂದು ಕಡೆ ದಂಡಿನಂತೆ ಕಠಿಣ ಶಿಸ್ತು. ತಪ್ಪು ಮಾಡಿದ ಜವಾನನನ್ನು ವಿಚಾರಿಸಲು ಪಡೆಯ ಕಮಾಂಡೆಂಟನಿಗೇ ಮ್ಯಾಜಿಸ್ಟ್ರೇಟನ ಅಧಿಕಾರವನ್ನು ಸರ್ಕಾರ ಕೊಡಬಹುದು. ಇನ್ನೊಂದು ಕಡೆ, ಸಂವಿಧಾನದಲ್ಲಿ ಪೋಲೀಸೂ ಸಾರ್ವಜನಿಕ ಶಾಂತಿಯೂ ರಾಜ್ಯಗಳ ಪಟ್ಟಿಯಲ್ಲಿವೆ. ಕೇಂದ್ರದ ಸಶಸ್ತ್ರ ಪಡೆಯನ್ನು ರಾಜ್ಯದಲ್ಲಿ ನಿಯೋಜಿಸುವ ವಿಷಯವನ್ನು ಕೇಂದ್ರದ ಪಟ್ಟಿಗೆ ಪ್ರತ್ಯೇಕವಾಗಿ ಸೇರಿಸಿದುದು ೧೯೭೬ರ ೪೨ನೆಯ ತಿದ್ದುಪಡಿಯಲ್ಲಿ, ತುರ್ತುಪರಿಸ್ಥಿತಿಯ ದಿನಗಳಲ್ಲಿ. ಸಾಮಾನ್ಯವಾಗಿ ರಾಜ್ಯವು ಕೇಳಿಕೊಂಡಾಗ ಪಡೆಯು ಬರುತ್ತದೆ. ಚುನಾವಣೆಯಲ್ಲಾದರೆ ಆಯೋಗವು ಹೇಳಿದ ಕಡೆ ನಿಲ್ಲುತ್ತದೆ. ಮತಗಟ್ಟೆಯ ಬಾಗಿಲಲ್ಲಿ ಕಾಯುತ್ತದೆ. ಮತಗಟ್ಟೆಯ ಅಧ್ಯಕ್ಷರಾದ ಉಪಾಧ್ಯಾಯರು ಕರೆಯದೆ ಒಳಗೆ ಬರುವಂತಿಲ್ಲ. ಯಾರನ್ನಾದರೂ ಹಿಡಿದರೆ ತಾನೇ ತನಿಖೆ ನಡೆಸುವಂತಿಲ್ಲ. ಅವನನ್ನು ಹತ್ತಿರದ ಠಾಣೆಗೆ, ಧರೂರಿನಲ್ಲಾದರೆ ಧರೂರಿನ ಠಾಣೆಗೆ, ಒಪ್ಪಿಸಬೇಕು. ಅಲ್ಲಿಂದ ಮುಂದಿನದು ಊರಿನ ಪೋಲೀಸಿನವರ ಕೆಲಸ.